ಊಟ ಆರ್ಡರ್ ಮಾಡುವಾಗ ‘ಕುದಸಾಯ್’ ಅಂದ್ರೆ ಒರಟಾ?

ಹೊಸಬಳು_ಸೈತಾಮಾ: ಜಪಾನಿಗೆ ಬಂದು ಮೂರು ತಿಂಗಳಾಯಿತು. ನಿನ್ನೆ ಅಂಗಡಿಯಲ್ಲಿ ‘ಕಿತ್ಸುನೆ ಉದೊನ್ ಒ ಹಿತೊತ್ಸು ಕುದಸಾಯ್’ (ಒಂದು ಕಿತ್ಸುನೆ ಉದೊನ್ ಕೊಡಿ; ಉದೊನ್ ಅಂದ್ರೆ ಸಾರಿನಲ್ಲಿ ಹಾಕಿದ ದಪ್ಪ ನೂಡಲ್ಸ್) ಅಂದೆ. ಜೊತೆಗಿದ್ದ ಕನ್ನಡದವರೊಬ್ಬರು ‘ಕುದಸಾಯ್ ಒರಟು, ಒನೆಗಾಯ್ಶಿಮಾಸು ಅನ್ನಬೇಕು’ ಅಂದರು. ಹೌದಾ? ಇನ್ನೊಂದು, ಸಾರಿನಲ್ಲಿ ಮೀನು ಇದೆಯಾ ಅಂತ ಕೇಳುವುದು ಹೇಗೆ? ನಾನು ಸಸ್ಯಾಹಾರಿ.

ಎನ್3_ಪಾಸ್: ಅವರು ಹೇಳಿದ್ದು ಸರಿ. ‘ನೆಗಾಉ’ ಅಂದರೆ ಬೇಡಿಕೊಳ್ಳುವುದು. ಕುದಸಾಯ್ ಆಜ್ಞೆಯ ರೂಪ. ವ್ಯಾಕರಣ ಓದಿದವರಿಗೆ ಗೊತ್ತಿರುತ್ತದೆ.

ಒಸಾಕಾದಲ್ಲಿ_11_ವರ್ಷ: ಆಜ್ಞೆಯಂತೆ! ‘ಕುದಸಾರು’ ಅನ್ನುವುದೇ ಗೌರವದ ಕ್ರಿಯಾಪದ. ಮೇಲಿದ್ದವರು ಕೆಳಗಿದ್ದವರಿಗೆ ದಯಪಾಲಿಸುವುದು. ಬರೆಯುವ ಕಾಂಜಿ ಅಕ್ಷರವೂ ‘ಕೆಳಗೆ’ ಅನ್ನುವುದೇ. ಎರಡೂ ನಡೆಯುತ್ತವೆ. ನಮ್ಮ ‘ಕೊಡಿ’ ಇದ್ದ ಹಾಗೆ. ದರ್ಶಿನಿಯಲ್ಲಿ ನಿಂತು ‘ದಯವಿಟ್ಟು ಒಂದು ಕಾಫಿ’ ಅಂತ ಯಾರಾದರೂ ಅಂತಾರಾ?

ಮಂಡ್ಯದ್_ಹೈದ: ‘ಕೊಡಿ’ ಇದ್ದ ಹಾಗಾ? ಬರೀ ‘ಕೊಡಿ’ ಅಂದರೆ ಸಾಲ ವಸೂಲಿ ಮಾಡಿದ ಹಾಗಿರುತ್ತದೆ. ‘ಒಂದ್ ಕಾಫಿ ಕೊಡಣ್ಣ’ ಅನ್ನಿ. ಮರ್ಯಾದೆ ಇರುವುದು ಅಣ್ಣನಲ್ಲಿ.

ಧಾರವಾಡ_ಪೇಢಾ: ‘ಕೊಡಣ್ಣ’ ಏಕವಚನ. ಅದು ಯಾವ ಸೀಮೆ ಮರ್ಯಾದೆ? ನಮ್ಮ ಕಡೆ ‘ಒಂದ್ ಚಾ ಕೊಡ್ರಿ’. ಮುಗೀತು.

ಮಂಡ್ಯದ್_ಹೈದ: ರೀ ಹಚ್ಚಿದರೆ ಮರ್ಯಾದೆನಾ? ‘ಇಳೀರೀ ಕೆಳಗೆ’ ಅಂತ ಕಂಡಕ್ಟರ್ ಬೈದಿದ್ದೂ ಮರ್ಯಾದೆಯೇ ಹಾಗಾದರೆ.

ಧಾರವಾಡ_ಪೇಢಾ: ಬೈಯುವಾಗಲೂ ಬಹುವಚನ ಬಿಡಲಿಲ್ಲ ನೋಡಿ, ಅದೇ ಮರ್ಯಾದೆ.

ಹೊಸಬಳು_ಸೈತಾಮಾ: ಸಾರಿನ ವಿಷಯ ಯಾರಾದರೂ ಹೇಳ್ತೀರಾ?

ಎನ್3_ಪಾಸ್: ‘ನಿಕು ನಾಶಿ ದೆ’ ಅನ್ನಿ ಸಾಕು. @ಒಸಾಕಾ, ‘ಎರಡೂ ನಡೆಯುತ್ತವೆ’ ಅಂದಿರಿ. ನಡೆಯುವುದು ಬೇರೆ, ಸರಿ ಅನ್ನುವುದು ಬೇರೆ.

ಒಸಾಕಾದಲ್ಲಿ_11_ವರ್ಷ: ‘ಸಾಕು’ ಅಂತೆ! ನಿಕು ಅಂದರೆ ಮಾಂಸ, ಮೀನು ಆ ಲೆಕ್ಕಕ್ಕೇ ಬರುವುದಿಲ್ಲ. ಮಾಂಸ ತೆಗೆದು ಅದೇ ಸಾರು ಹಾಕಿ ಕೊಡ್ತಾರೆ. ಸುಮ್ನೆ ಪರೀಕ್ಷೆ ಪಾಸಾದರೆ ಆಗಲ್ಲ, ಊಟಕ್ಕೆ ಕೂರಬೇಕು. ನಾನು ಬಿಲ್ಲಿಗೆ ‘ಒಆಯ್ಸೊ’ ಅಂತೀನಿ, ಇವತ್ತಿನವರೆಗೆ ಯಾರೂ ಮುಖ ಸಿಂಡರಿಸಿಲ್ಲ.

ಎನ್3_ಪಾಸ್: ಒಆಯ್ಸೊ! ಅದು ಅಂಗಡಿಯವರು ತಮ್ಮೊಳಗೆ ಆಡುವ ಮಾತು ಸ್ವಾಮಿ. ಗಿರಾಕಿ ‘ಒಕಾಯ್ಕೆಯ್ ಒನೆಗಾಯ್ಶಿಮಾಸು’ ಅನ್ನಬೇಕು. ಹನ್ನೊಂದು ವರ್ಷ!

ಒಸಾಕಾದಲ್ಲಿ_11_ವರ್ಷ: ಗಿರಾಕಿಗಳೂ ಅಂತಾರೆ, ಕಿವಿಯಾರೆ ಕೇಳಿದ್ದೀನಿ.

ಮಂಡ್ಯದ್_ಹೈದ: ‘ಸ್ವಾಮಿ’ ಅಂದಿದ್ದು ಮರ್ಯಾದೆಗಾ, ವ್ಯಂಗ್ಯಕ್ಕಾ? ಧಾರವಾಡದವರು ತೀರ್ಪು ಕೊಡಲಿ.

ಮೂಲೆಮೇಜು: @ಹೊಸಬಳು, ಕಿತ್ಸುನೆ ಉದೊನ್ ಮೇಲಿರುವುದು ಕರಿದ ತೋಫು. ಆದರೆ ಸಾರಿಗೆ ಸಾಮಾನ್ಯವಾಗಿ ಮೀನಿನ ದಾಶಿ, ಅಂದರೆ ಮೀನು ಹಾಕಿ ತೆಗೆದ ರಸ, ಇರುತ್ತದೆ. ‘ಸುಮಿಮಾಸೆನ್, ದಾಶಿ ನಿ ಸಕಾನಾ ವಾ ಹಾಯಿತ್ತೆ ಇಮಾಸು ಕಾ’ ಅಂತ ಕೇಳಿ. ‘ಹಾಯ್’ (ಹೌದು) ಅಂತ ಅವರು ಹೇಳಿದರೆ ಎದ್ದು ಬನ್ನಿ. ಎಷ್ಟೋ ರಾಮೆನ್ ಅಂಗಡಿಗಳಲ್ಲಿ ಯಂತ್ರಕ್ಕೆ ದುಡ್ಡು ಹಾಕಿ ಚೀಟಿ ತಗೋಬೇಕು, ಅಲ್ಲಿ ಕುದಸಾಯೂ ಬೇಡ.

ಎನ್3_ಪಾಸ್: ‘ಕುದಸಾಯೂ ಬೇಡ’ ಅಂದಿರಲ್ಲ, ನಾನೂ ಅದನ್ನೇ ಹೇಳಿದ್ದು.

ಹೊಸಬಳು_ಸೈತಾಮಾ: ಅಯ್ಯೋ, ನಿನ್ನೆ ಸಾರು ಪೂರ್ತಿ ಕುಡಿದುಬಿಟ್ಟೆ. ಇವತ್ತು ಉಮೆಬೋಶಿ (ಉಪ್ಪು ಹಾಕಿದ ಹುಳಿ ಹಣ್ಣು) ಇರುವ ಒನಿಗಿರಿ, ಅದೇ ಅನ್ನದ ಉಂಡೆ, ತಂದಿದ್ದೀನಿ, ಇದಾದರೂ ಸರಿ ಅಲ್ವಾ?

ಮೂಲೆಮೇಜು: ಕೆಲವು ಉಮೆಬೋಶಿಗೂ ಕಾತ್ಸುಒ ಮೀನು ಸೇರಿಸಿರುತ್ತಾರೆ. ಲೇಬಲ್ಲಿನ ಫೋಟೊ ಹಾಕಿ.