ಅಪ್‌ಡೇಟ್: ಬಾಯ್ಲರ್ ಮತ್ತೆ ಶುರುವಾಯಿತು

ನಾರ್ದರ್ನ್ ಐರ್ಲೆಂಡಿನ ನಮ್ಮ ಮನೆ ಬಿಸಿ ಮಾಡುವ ಸೀಮೆಎಣ್ಣೆ ಬಾಯ್ಲರ್ ಬಗ್ಗೆ ಕೇಳಿದ್ದೆನಲ್ಲ, ಫ್ಯಾನ್ ತಿರುಗುತ್ತದೆ, ಬೆಂಕಿ ಹೊತ್ತುವುದಿಲ್ಲ, ಕೆಂಪು ದೀಪ ಬಂದು ತಾನೇ ನಿಂತು ಲಾಕ್ ಆಗುತ್ತದೆ ಅಂತ. ಸರಿಯಾಯಿತು!

ಜಾಸ್ತಿ ಜನ ಫೋಟೋಸೆಲ್ (ಬೆಂಕಿ ಹೊತ್ತಿದೆಯಾ ಅಂತ ಬೆಳಕಿನಿಂದ ಗುರುತಿಸುವ ಸೆನ್ಸರ್) ಒರೆಸಿ ಅಂದಿರಿ. ಒರೆಸಿದೆ, ಏನೂ ಬದಲಾಗಲಿಲ್ಲ. ಅದಕ್ಕೆ ಮಸಿ ಹಿಡಿದಿದ್ದರೆ ಬೆಂಕಿ ಹೊತ್ತಿ ಆಮೇಲೆ ಆರಬೇಕಿತ್ತು, ಅಲ್ವಾ? ಸುಳಿವು ಸಿಕ್ಕಿದ್ದು ಹೊಗೆ ಕೊಳವೆಯಲ್ಲಿ. ಬಿಳಿ ಆವಿ, ಸೀಮೆಎಣ್ಣೆ ವಾಸನೆ. ಅಂದರೆ ಎಣ್ಣೆ ಬರುತ್ತಿದೆ, ಕಿಡಿ ಇಲ್ಲ.

ಟೆಕ್ನಿಷಿಯನ್ ಬರ್ನರ್ ಬಿಚ್ಚಿದರು. ಕಿಡಿ ಹಾರಿಸುವ ಎಲೆಕ್ಟ್ರೋಡಿನ ಪಿಂಗಾಣಿ ಕವಚದಲ್ಲಿ ಕೂದಲೆಳೆಯಷ್ಟು ಬಿರುಕು, ಅದರುದ್ದಕ್ಕೂ ಕಪ್ಪು ಗೆರೆ. ಕಿಡಿ ತುದಿಗೆ ಹೋಗದೆ ಅಲ್ಲೇ ಲೋಹಕ್ಕೆ ಹಾರುತ್ತಿತ್ತು. ಹೊಸ ಎಲೆಕ್ಟ್ರೋಡ್ ಜೋಡಿ ಹಾಕಿ, ಮ್ಯಾನುಯಲ್ ನೋಡಿ ತುದಿಗಳ ಅಂತರ ಕೂರಿಸಿದರು. ಎಣ್ಣೆ ಚಿಮ್ಮಿಸುವ ನಾಜಲ್ ಕೂಡ ಹೊಸದು.

ಲಾಕ್ ಆದಾಗ ರೀಸೆಟ್ ಬಟನ್ ಮಾತ್ರ ಸುಮ್ನೆ ಒತ್ತುತ್ತಾ ಹೋಗಬೇಡಿ. ಉರಿಯದ ಎಣ್ಣೆ ಒಳಗೆ ಸೇರಿಕೊಂಡು, ಹೊತ್ತಿದಾಗ ಧಡ್ ಅನ್ನುತ್ತದೆ.