ಕಾಳಿ ಅಳಿವೆಯ ನೀರುನಾಯಿ ಜನ: ಏನು ಉಳಿಸಬೇಕು, ಏನು ಕೀಳಬೇಕು?

ಕಾರವಾರದಿಂದ ಪ್ರಶ್ನೆ (ಕೆಳಗಿನ ಉತ್ತರಗಳು ಬರೆದವರ ಊರಿನ ಹೆಸರಲ್ಲಿವೆ)

ಆಟ ಡಂಜನ್ಸ್ ಅಂಡ್ ಡ್ರಾಗನ್ಸ್ (ಮೇಜಿನ ಸುತ್ತ ಕೂತು, ಪಾತ್ರವಾಗಿ, ದಾಳ ಉರುಳಿಸುತ್ತಾ ಆಡುವ ಕಥೆ), ಐದನೇ ಆವೃತ್ತಿ, 2014ರ ನಿಯಮ. ಆಡುವವರು ಐದು ಮಂದಿ, ಎಲ್ಲರದ್ದೂ ಲೆವೆಲ್ 1, ಅಂದರೆ ಆರಂಭದ ಹಂತ. ಕಥೆ ನಡೆಯುವ ಜಾಗ ಕಾಳಿ ಅಳಿವೆಯಂಥದ್ದೇ: ಕಾಂಡ್ಲಾ ಕಾಡು, ಕೆಸರು ದಿಬ್ಬ, ಎದುರಿಗೆ ಒಂದೆರಡು ಕುರುವೆ. ಅದಕ್ಕೆ ಹೊಂದುವ ನೀರುನಾಯಿ ರೇಸ್ (ಪಾತ್ರದ ಜನಾಂಗ) ಒಂದು ಬೇಕು. ಈಗಿನ ಕರಡು: ಡೆಕ್ಸ್ (ಚುರುಕು) +2, ಕಾನ್ (ಮೈಕಟ್ಟು) +2, ವಿಸ್ಡಮ್ (ವಿವೇಕ) +1. ಈಜು 60 ಅಡಿ. ನೀರಲ್ಲಿ ಉಸಿರಾಟ. ಸಹಜ ಕವಚ 15 + ಡೆಕ್ಸ್. ಕಡಿತ 1ಡಿ8 (ಎಂಟು ಮುಖದ ಒಂದು ದಾಳದಷ್ಟು ಗಾಯ). ಡಾರ್ಕ್‌ವಿಷನ್ 120 ಅಡಿ (ಕತ್ತಲಲ್ಲೂ ಕಾಣುವ ದೂರ). ಪ್ಯಾಕ್ ಟ್ಯಾಕ್ಟಿಕ್ಸ್ (ಎದುರಾಳಿಯ ಪಕ್ಕ ಜತೆಗಾರನಿದ್ದರೆ ಹೊಡೆತಕ್ಕೆ ಅಡ್ವಾಂಟೇಜ್, ಅಂದರೆ ದಾಳ ಎರಡು ಸಲ ಉರುಳಿಸಿ ದೊಡ್ಡ ಅಂಕ ಹಿಡಿಯುವುದು). ದೌರ್ಬಲ್ಯವೆಂದರೆ ನೀರಿಂದ ಹೊರಗಿದ್ದ ಪ್ರತಿ ಗಂಟೆಗೆ ಡಿಸಿ 15ರ ಕಾನ್ ಸೇವ್ (ದಾಳಕ್ಕೆ ಕಾನ್ ಕೂಡಿಸಿ 15 ಮುಟ್ಟಬೇಕಾದ ಪರೀಕ್ಷೆ), ತಪ್ಪಿದರೆ ಒಂದು ಮಟ್ಟ ಬಳಲಿಕೆ. ಹೆಚ್ಚಾಗಿದೆ ಅಂತ ಗೊತ್ತು. ಕತ್ತರಿ ಎಲ್ಲಿ ಹಾಕಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ.

ಶಿರಸಿ

ಮೊದಲ ಕತ್ತರಿ ಕವಚಕ್ಕೆ. 15ರ ಮೇಲೆ ಡೆಕ್ಸ್ 3, ಕೈಯಲ್ಲೊಂದು ಗುರಾಣಿ, ಅಲ್ಲಿಗೆ ಲೆವೆಲ್ 1ರಲ್ಲೇ ಎಸಿ (ಹೊಡೆತ ತಾಗಲು ಎದುರಾಳಿ ಮುಟ್ಟಬೇಕಾದ ಅಂಕ) 20. ಗಾಬ್ಲಿನ್‌ನ ಹೊಡೆತ +4, ಇಪ್ಪತ್ತು ಮುಖದ ದಾಳಕ್ಕೆ ಅಷ್ಟು ಕೂಡುತ್ತದೆ. ಎಸಿ 20 ಮುಟ್ಟಲು ಅದಕ್ಕೆ ದಾಳದಲ್ಲಿ 16 ಬೇಕು, ಅಂದರೆ ನೂರಕ್ಕೆ 25 ಸಲ. ಪಕ್ಕದಲ್ಲಿ ಚರ್ಮದ ಕವಚ ತೊಟ್ಟ, ಅದೇ ಡೆಕ್ಸ್‌ನ ರೋಗ್‌ನ (ನುಸುಳಿ ಹೊಡೆಯುವ ಪಾತ್ರ) ಎಸಿ 14. ಅವನಿಗೆ ನೂರಕ್ಕೆ 55 ಸಲ ಏಟು ಬೀಳುತ್ತದೆ. ಒಂದೇ ಕಾಳಗದಲ್ಲಿ ಒಬ್ಬ ಎರಡು ಪಟ್ಟು ಏಟು ತಿನ್ನುತ್ತಾ ಇನ್ನೊಬ್ಬ ಅಡ್ಡಾಡಿಕೊಂಡಿದ್ದರೆ ಮೂರನೇ ವಾರಕ್ಕೆ ಆಟದ ಮೇಜು ಮುನಿಸಿಕೊಳ್ಳುತ್ತದೆ. ಅಚ್ಚಾದ ಪುಸ್ತಕಗಳಲ್ಲಿ ಹಲ್ಲಿ ಜನವಾದ ಲಿಜರ್ಡ್‌ಫೋಕ್‌ಗೆ 13 + ಡೆಕ್ಸ್ ಇದೆ. ಆಮೆ ಜನವಾದ ಟಾರ್ಟಲ್‌ಗೆ 17, ಆದರೆ ಅದಕ್ಕೆ ಡೆಕ್ಸ್ ಕೂಡುವುದಿಲ್ಲ, ಮೇಲೆ ಕವಚವನ್ನೂ ತೊಡುವಂತಿಲ್ಲ. ಹಾಗೆ ನೋಡಿದರೆ ನೀರುನಾಯಿಗಿರುವುದು ದಟ್ಟ ರೋಮ, ಚಿಪ್ಪಲ್ಲ. ಆ ರೋಮದ ಕೆಲಸ ಚಳಿ ತಡೆಯುವುದು. ಕವಚದ ಸಾಲನ್ನು ಪೂರ್ತಿ ಅಳಿಸಿ.

ಎರಡನೆಯದು ಪ್ಯಾಕ್ ಟ್ಯಾಕ್ಟಿಕ್ಸ್. ನೂರಕ್ಕೆ 65 ಸಲ ತಾಗುವ ಹೊಡೆತ, ಅಡ್ವಾಂಟೇಜ್ ಸಿಕ್ಕರೆ ಹತ್ತಿರ ಹತ್ತಿರ 88 ಸಲ ತಾಗುತ್ತದೆ. ಇದು ಪ್ರತಿ ಸರದಿಯಲ್ಲೂ ಪುಕ್ಕಟೆ ಬರುತ್ತದೆ. ರೋಗ್ ಕೈಗೆ ಸಿಕ್ಕರಂತೂ ಕೇಳುವುದೇ ಬೇಡ. ಕೋಬೋಲ್ಡ್ ಎಂಬ ಪುಟ್ಟ ಜನಕ್ಕೆ ಈ ಗುಣ ಕೊಟ್ಟವರು ಜತೆಗೇ ಬಿಸಿಲಲ್ಲಿ ಡಿಸ್‌ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ಚಿಕ್ಕ ಅಂಕ ಹಿಡಿಯುವುದು) ಕಟ್ಟಿದ್ದರು. ನೀರುನಾಯಿಗಳು ಗುಂಪಾಗಿ ಮೀನು ಅಟ್ಟುವುದು ನಿಜ, ಆದ್ದರಿಂದ ಗುಣ ಇರಲಿ, ಎಣಿಕೆ ಕಟ್ಟಿ: ಪ್ರೊಫಿಶಿಯನ್ಸಿ ಬೋನಸ್‌ನಷ್ಟು (ಲೆವೆಲ್ ಜತೆ ಏರುವ ಅಂಕ) ಸಲ, ಲಾಂಗ್ ರೆಸ್ಟ್ (ಎಂಟು ಗಂಟೆಯ ವಿಶ್ರಾಂತಿ) ಆದ ಮೇಲೆ ವಾಪಸ್. ಲೆವೆಲ್ 1ರಿಂದ 4ರವರೆಗೆ ದಿನಕ್ಕೆ ಎರಡು ಸಲ, 5ಕ್ಕೆ ಮೂರು, 9ಕ್ಕೆ ನಾಲ್ಕು. ಎಣಿಕೆ ಇದ್ದರೆ ಆಡುವವನು ಯಾವಾಗ ಬಳಸಲಿ ಎಂದು ಯೋಚಿಸುತ್ತಾನೆ.

ಅಂಕಗಳು ಒಟ್ಟು +3 ಸಾಕು, ಡೆಕ್ಸ್ +2, ವಿಸ್ಡಮ್ +1. ಒಟ್ಟು +4 ಸಿಗುವ ಮೌಂಟನ್ ಡ್ವಾರ್ಫ್, ಹಾಫ್-ಎಲ್ಫ್ ಇವೆ, ಅವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಮುಂದೆ 2024ರ ನಿಯಮಕ್ಕೆ ಹೋಗುವುದಾದರೆ ಈ ಸಾಲೇ ಬೇಡ. ಅಲ್ಲಿ ಅಂಕಗಳು ಬ್ಯಾಕ್‌ಗ್ರೌಂಡ್‌ಗೆ (ಪಾತ್ರದ ಹಿಂದಿನ ಬದುಕು) ಹೋಗಿವೆ, ರೇಸ್ ಎಂಬ ಹೆಸರೂ ಸ್ಪೀಶೀಸ್ ಆಗಿದೆ.

ಡಾರ್ಕ್‌ವಿಷನ್ 60 ಸಾಕು. 120 ಇರುವ ಡ್ರೌ (ನೆಲದಡಿಯ ಎಲ್ಫ್ ಜನ) ಕೂಡ ಅದಕ್ಕೆ ಬಿಸಿಲಿನ ಕಂದಾಯ ಕಟ್ಟುತ್ತದೆ.

ಕುಮಟಾ

ಈಜು 60 ಬೇಡ. ಈಜು ವೇಗ ಇಲ್ಲದವರು ನೀರಲ್ಲಿ ಅರ್ಧ ವೇಗ, ಅಂದರೆ ಒಂದು ಸುತ್ತಿಗೆ (ಆರು ಸೆಕೆಂಡು) 15 ಅಡಿ. ನಿಮ್ಮ ನೀರುನಾಯಿ ನಾಲ್ಕು ಪಟ್ಟು ಮುಂದೆ ಹೋಗಿ ಒಂಟಿಯಾಗಿ ಕಾದಾಡುತ್ತದೆ, ಉಳಿದ ನಾಲ್ವರು ಫೋನ್ ನೋಡುತ್ತಾರೆ. 30 ಕೊಟ್ಟರೂ ಎರಡು ಪಟ್ಟು ಆಯಿತಲ್ಲ. ನೆಲದ ಮೇಲೆ 25 ಇಡಿ, ಗಿಡ್ಡ ಕಾಲು.

ಉಸಿರಾಟದ ವಿಷಯ. ನೀರಲ್ಲೇ ಉಸಿರಾಡುವ ಪಾತ್ರಕ್ಕೆ ನೀರು ಬರೀ ಇನ್ನೊಂದು ನೆಲ. ಗಡಿಯಾರ ಇದ್ದರೆ ಮಾತ್ರ ಬಿಗಿ. ಕಾನ್ 14ರ ಮನುಷ್ಯ 3 ನಿಮಿಷ ಉಸಿರು ಹಿಡಿಯುತ್ತಾನೆ. ಅದು 30 ಸುತ್ತು, 15 ಅಡಿಯ ಲೆಕ್ಕದಲ್ಲಿ 450 ಅಡಿ ದೂರ. ನೀರುನಾಯಿಗೆ 5 ನಿಮಿಷ ಕೊಡಿ: 50 ಸುತ್ತು, 1,500 ಅಡಿ. ಲಿಜರ್ಡ್‌ಫೋಕ್‌ನಂತೆ 15 ನಿಮಿಷ ಕೊಟ್ಟರೆ 4,500 ಅಡಿ. ಅಷ್ಟುದ್ದದ ಮುಳುಗಿದ ಸುರಂಗ ಬರೆಯುವ ಡಿಎಂ (ಕಥೆ ನಡೆಸುವವರು) ಸಿಗುವುದಿಲ್ಲ, ಆ ಹೆಚ್ಚಿನ ಹತ್ತು ನಿಮಿಷ ಹಾಳೆಯಲ್ಲೇ ಒಣಗುತ್ತದೆ. ಐದು ನಿಮಿಷವಾದರೆ ಗಜನಿ ಗದ್ದೆಯ (ಅಳಿವೆಯಂಚಿನ ಭತ್ತದ ಗದ್ದೆ) ಕಟ್ಟೆಬಾಗಿಲಿನಡಿ ನುಸುಳಿ ಆಚೆ ಏಳುವ ದೃಶ್ಯಕ್ಕೆ ಸರಿಯಾಗಿ ಸಾಕಾಗುತ್ತದೆ, ಮಧ್ಯೆ ಎರಡು ಸುತ್ತು ಕಾದಾಟ ಬಿದ್ದರೂ ಎದೆ ಢವಢವ ಅನ್ನುತ್ತದೆ.

ಇನ್ನು ಬಳಲಿಕೆ. ಇದೊಂದು ಸಾಲೇ ಇಡೀ ರೇಸನ್ನು ಕೊಲ್ಲುತ್ತದೆ. ಕಾನ್ ಸೇವ್ +3 ಇದ್ದವನಿಗೆ ಡಿಸಿ 15 ದಾಟಲು 12 ಬೇಕು, ನೂರಕ್ಕೆ 55 ಸಲ ತಪ್ಪುತ್ತದೆ. ಘಟ್ಟ ಹತ್ತುವ 8 ಗಂಟೆಯ ನಡಿಗೆಯಲ್ಲಿ ಸರಾಸರಿ ನಾಲ್ಕಕ್ಕೂ ಹೆಚ್ಚು ಮಟ್ಟ ಬಳಲಿಕೆ. ನಾಲ್ಕನೇ ಮಟ್ಟಕ್ಕೆ ಪ್ರಾಣಾಂಕದ ಮಿತಿ ಅರ್ಧ, ಐದಕ್ಕೆ ಚಲನೆ ಸೊನ್ನೆ, ಆರಕ್ಕೆ ಸಾವು. ರಾತ್ರಿ ಮಲಗಿ ಎದ್ದರೆ ಇಳಿಯುವುದು ಒಂದೇ ಮಟ್ಟ. ಆಡುವವನು ಏನು ಮಾಡುತ್ತಾನೆ? ಬೆನ್ನಿಗೊಂದು ಪೀಪಾಯಿ ಕಟ್ಟಿಕೊಂಡು ಗಂಟೆಗೊಮ್ಮೆ ಮುಳುಗು ಹಾಕುತ್ತಾನೆ. ಅಲ್ಲಿಗೆ ದೌರ್ಬಲ್ಯ ಹೋಗಿ ಹಾಸ್ಯವಾಯಿತು. ಅಧಿಕೃತವಾಗಿ ಪ್ರಕಟವಾದ ಗ್ರಂಗ್ (ಕಪ್ಪೆ ಜನ) ಕೂಡ ಕೇಳುವುದು ದಿನಕ್ಕೆ ಒಂದು ಗಂಟೆಯ ಮುಳುಗು ಮಾತ್ರ.

ನೀರುನಾಯಿ ಮೀನೂ ಅಲ್ಲ ಕಪ್ಪೆಯೂ ಅಲ್ಲ, ಒಣಗಿದರೆ ಸಾಯುವುದಿಲ್ಲ. ಅದಕ್ಕೆ ಕಾಟ ಬೇರೆಯದು. ತಿಮಿಂಗಿಲದ ಹಾಗೆ ಚರ್ಮದಡಿ ಕೊಬ್ಬಿನ ಪದರ ಇಲ್ಲ, ಮೈ ಬೆಚ್ಚಗಿಡುವುದು ರೋಮದೊಳಗೆ ಸಿಕ್ಕಿದ ಗಾಳಿ. ಕಡಲಂಚಿನಲ್ಲಿ ಬದುಕುವ ನದಿ ನೀರುನಾಯಿಗಳು ರೋಮದ ಉಪ್ಪು ಕಳೆಯಲು ಸಿಹಿನೀರಿಗೆ ಬರುತ್ತವೆ, ಇಲ್ಲದಿದ್ದರೆ ಆ ಗಾಳಿ ನಿಲ್ಲುವುದಿಲ್ಲ. ಇದನ್ನೇ ನಿಯಮ ಮಾಡಿ: ಉಪ್ಪುನೀರಿನಲ್ಲಿ ಮುಳುಗಿದ ದಿನ ಲಾಂಗ್ ರೆಸ್ಟ್‌ಗೆ ಮೊದಲು 3 ಗ್ಯಾಲನ್ ಸಿಹಿನೀರಲ್ಲಿ ಮೈ ತೊಳೆಯದಿದ್ದರೆ, ಎಣಿಕೆಯ ಗುಣಗಳು ಆ ರಾತ್ರಿ ವಾಪಸ್ ಬರುವುದಿಲ್ಲ. ನಿಯಮಪುಸ್ತಕದ ಒಂದು ಬಕೆಟ್ ಅಂದರೆ ಸರಿಯಾಗಿ 3 ಗ್ಯಾಲನ್, ತೂಕ ಸುಮಾರು 11 ಕಿಲೋ. ಹೊರಬಹುದು, ಆದರೆ ಹೊತ್ತಿದ್ದು ಗೊತ್ತಾಗುತ್ತದೆ. ಕ್ಲೆರಿಕ್ (ಪೂಜಾರಿ ಪಾತ್ರ) ಒಂದು ಸ್ಲಾಟ್ (ದಿನಕ್ಕೆ ಇಷ್ಟೇ ಎಂದಿರುವ ಮಂತ್ರದ ಪಾಲು) ಕೊಟ್ಟು ನೀರು ಸೃಷ್ಟಿಸಿದರೆ ಹತ್ತು ಗ್ಯಾಲನ್ ಸಿಗುತ್ತದೆ. ಸಿಗಲಿ ಬಿಡಿ, ಸ್ಲಾಟ್ ಖರ್ಚಾಯಿತಲ್ಲ.

ಇದರ ಲಾಭ ನಕ್ಷೆಗೆ. ಮಳೆಗಾಲದಲ್ಲಿ ಅಳಿವೆ ಬಹುಮಟ್ಟಿಗೆ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಉಪ್ಪು ಹೊಳೆಗುಂಟ ಮೇಲೇರುತ್ತದೆ. ಹಾಗಾಗಿ ಒಂದೇ ಹಳ್ಳಿ ಜುಲೈಯಲ್ಲಿ ನೀರುನಾಯಿ ಜನಕ್ಕೆ ಮನೆ, ಏಪ್ರಿಲ್‌ನಲ್ಲಿ ಬಾವಿಗಾಗಿ ಚೌಕಾಸಿ ಮಾಡುವ ಪರಸ್ಥಳ. ಭರತ ಇಳಿತವನ್ನೂ ಬರೆದಿಟ್ಟುಕೊಳ್ಳಿ, ಸುಮಾರು ಆರು ಗಂಟೆಗೊಮ್ಮೆ ಬದಲು. ಎಂಟು ಗಂಟೆಯ ಲಾಂಗ್ ರೆಸ್ಟ್‌ಗೆ ಕೆಸರು ದಿಬ್ಬದ ಮೇಲೆ ಮಲಗಿದವರು ನೀರಲ್ಲೇ ಏಳುವ ಸಾಧ್ಯತೆ ಹೆಚ್ಚು.

ಹೊನ್ನಾವರ

ಎಲ್ಲರೂ ಕತ್ತರಿಸುತ್ತಲೇ ಇದ್ದೀರಿ, ಮುಖ್ಯವಾದದ್ದು ಕರಡಿನಲ್ಲಿ ಇಲ್ಲವೇ ಇಲ್ಲ. ಮೀಸೆ! ನೀರುನಾಯಿ ಕದಡಿದ ನೀರಲ್ಲಿ ಬೇಟೆ ಹಿಡಿಯುವುದು ಮೀಸೆಗೆ ತಾಗುವ ಅಲುಗಾಟದಿಂದ. ಆಟದಲ್ಲಿ ಇದು 10 ಅಡಿಯ ಬ್ಲೈಂಡ್‌ಸೈಟ್ (ಕಣ್ಣಿಲ್ಲದೆಯೂ ಅರಿಯುವ ಶಕ್ತಿ), ತಾನೂ ಎದುರಾಳಿಯೂ ನೀರಲ್ಲಿದ್ದಾಗ ಮಾತ್ರ. ಕೆಸರು ನೀರಲ್ಲಿ ಇಬ್ಬರಿಗೂ ಕಾಣದಿದ್ದರೆ ಅಡ್ವಾಂಟೇಜ್ ಡಿಸ್‌ಅಡ್ವಾಂಟೇಜ್ ಒಂದಕ್ಕೊಂದು ಹೊಡೆದುಹೋಗುತ್ತವೆ. ಒಬ್ಬನಿಗೆ ಮಾತ್ರ ಗೊತ್ತಾದರೆ ಅವನ ಹೊಡೆತಕ್ಕೆ ಅಡ್ವಾಂಟೇಜ್, ಅವನ ಮೇಲಿನ ಹೊಡೆತಕ್ಕೆ ಡಿಸ್‌ಅಡ್ವಾಂಟೇಜ್. ಎರಡೂ ಕಡೆ ಲಾಭ, ಅದಕ್ಕೇ 10 ಅಡಿ ದಾಟಬಾರದು. 30 ಮಾಡಿದರೆ ಶಿರಸಿಯವರು ಎಣಿಕೆ ಕಟ್ಟಿದ ಪ್ಯಾಕ್ ಟ್ಯಾಕ್ಟಿಕ್ಸ್ ಹಿಂಬಾಗಿಲಿಂದ ಬಂದ ಹಾಗೆ. ಡಿಎಂ ಕೂಡ ಪ್ರತಿ ಸಲ ನೀರು ತಿಳಿಯೋ ಕದಡೋ ಹೇಳಬೇಕು, ಇಲ್ಲದಿದ್ದರೆ ಈ ಗುಣ ಸತ್ತಂತೆ.

ಇನ್ನೊಂದು ಬೇಕಾದರೆ, ಗುರುತುಬಂಡೆ. ನೀರುನಾಯಿಗಳು ಆಯ್ದ ಬಂಡೆಗಳ ಮೇಲೆ ಹಿಕ್ಕೆ ಹಾಕಿ ಗುರುತು ಬಿಡುತ್ತವೆ, ಅದರಲ್ಲಿ ಮೀನಿನ ಪರೆ, ಏಡಿಯ ಚಿಪ್ಪಿನ ಚೂರು ಕಾಣುತ್ತದೆ. ನಿಮ್ಮ ಜನಕ್ಕೆ ಅದು ನೋಟಿಸ್ ಬೋರ್ಡ್: ಹತ್ತು ನಿಮಿಷ ಮೂಸಿದರೆ ಕಳೆದ ಒಂದು ದಿನದಲ್ಲಿ ತಮ್ಮವರು ಎಷ್ಟು ಮಂದಿ ಹಾದುಹೋದರು, ಯಾರಿಗಾದರೂ ಗಾಯವಾಗಿತ್ತೇ ತಿಳಿಯುತ್ತದೆ. ಮೇಜಿನ ಸುತ್ತ ನಗು ಏಳುತ್ತದೆ, ಏಳಲಿ. ಕಥೆಯ ಸುಳಿವು ದಾಟಿಸಲು ಡಿಎಂಗೆ ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ, ಕಾಳಗದ ತೂಕವೂ ಸೊನ್ನೆ.

ಕಡಿತ ಉಳಿಸುವುದಾದರೆ 1ಡಿ6. ಬಲದಿಂದಲೋ ಡೆಕ್ಸ್‌ನಿಂದಲೋ ಅಂತ ಬರೆಯಲೇಬೇಕು. ಬರೆಯದಿದ್ದರೆ ನಿಯಮ ಅದನ್ನು ಬಲಕ್ಕೇ ಸೇರಿಸುತ್ತದೆ, ಡೆಕ್ಸ್‌ನ ಪಾತ್ರ ಒಂದು ಸಲವೂ ಕಚ್ಚುವುದಿಲ್ಲ.

ಯಲ್ಲಾಪುರ

ಲೆಕ್ಕ ಬಿಟ್ಟು ಒಂದು ಮಾತು. ಊರಿನ ಜಾಗ ತಂದುಕೊಳ್ಳಿ, ಊರಿನ ಜನರನ್ನು ತಂದು ಪ್ರಾಣಿಯ ಮೈಗೆ ಅಂಟಿಸಬೇಡಿ. ಹಾಲಕ್ಕಿಗಳ ಮಣಿಸರ, ಸಿದ್ದಿಗಳ ಕುಣಿತ, ಹವಿಗನ್ನಡದ ರಾಗ, ಕೊಂಕಣಿ ಮೀನುಗಾರರ ಮಾತು, ಇವು ಯಾವುದನ್ನೂ ನೀರುನಾಯಿಗೆ ತೊಡಿಸಿದರೆ ಅದು ರೇಸ್ ವಿನ್ಯಾಸವಲ್ಲ, ಅಣಕ. ಪದ್ಧತಿಯನ್ನು ಅವರ ಮೈಯಿಂದಲೇ ಹುಟ್ಟಿಸಿ. ಹುಟ್ಟಿದ ಹೊತ್ತಿನ ನೀರಿನ ಹೆಸರು ಮಗುವಿಗೆ: ಸುಳಿ, ನೊರೆ, ನೆರೆ, ಇಳಿತ. ಬಳಚು ಒಡೆಯುವ ಕಲ್ಲು ತಾಯಿಯಿಂದ ಮಗಳಿಗೆ ಬರುವ ಆಸ್ತಿ. ಎರಡು ಮೂರು ಸಾಕು. ಐದು ಪುಟದ ಇತಿಹಾಸ ಬರೆದರೆ ಓದುವವರು ನೀವೊಬ್ಬರೇ.

ಅಂಕೋಲಾ

ಕನ್ನಡದಲ್ಲಿ ಗುಣ ಬರೆಯುವಾಗ ಜಗಳ ಹುಟ್ಟುವುದು "ಪ್ರತಿ ಸಲ" ಎಂಬಲ್ಲಿ. ಇಡೀ ಮೇಜು ಒಮ್ಮೆ ಆಡಿದ್ದು ಸುತ್ತು, ಒಬ್ಬರು ಆಡಿದ್ದು ಸರದಿ. ಮೊದಲ ಪುಟದಲ್ಲೇ ಈ ಎರಡನ್ನು ಗೆರೆ ಕೊಯ್ದು ಬೇರೆ ಮಾಡಿ. ಆಕ್ಷನ್, ಬೋನಸ್ ಆಕ್ಷನ್, ರಿಯಾಕ್ಷನ್ ಪದಗಳನ್ನು ಅನುವಾದಿಸಲು ಹೋಗಬೇಡಿ. ಪ್ರತಿ ಗುಣಕ್ಕೂ ನಾಲ್ಕು ಪ್ರಶ್ನೆಗೆ ಉತ್ತರ ಇರಲಿ: ಯಾವಾಗ, ಏನು ಖರ್ಚು, ಎಷ್ಟು ದೂರ, ಎಷ್ಟು ಸಲ.

ನಾಲ್ಕು ಜನಕ್ಕೆ ಹಂಚುವುದಾದರೆ ಬೇರೆ ಪುಸ್ತಕದ ಸಾಲುಗಳನ್ನು ನಕಲು ಮಾಡಬೇಡಿ. 2023ರ ಜನವರಿಯಿಂದ ಎಸ್‌ಆರ್‌ಡಿ 5.1 (ಆಟದ ಮೂಲ ನಿಯಮಗಳ ಕಡತ) ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಮೂಲದ ಹೆಸರು ಹೇಳಿ ಬಳಸಬಹುದು. ಆಡಬಲ್ಲ ಲಿಜರ್ಡ್‌ಫೋಕ್, ಟಾರ್ಟಲ್ ಅದರೊಳಗಿಲ್ಲ. ಅವನ್ನು ಹೋಲಿಕೆಗೆ ಇಟ್ಟುಕೊಳ್ಳಿ, ವಾಕ್ಯ ನಿಮ್ಮದಿರಲಿ.

ಕಾರವಾರ, ಮತ್ತೆ

ತಿದ್ದಿದ್ದು ಹೀಗೆ: ಸ್ಮಾಲ್ ಗಾತ್ರ, ನಡೆ 25, ಈಜು 30. ಡೆಕ್ಸ್ +2, ವಿಸ್ಡಮ್ +1. ಡಾರ್ಕ್‌ವಿಷನ್ 60. ಉಸಿರು 5 ನಿಮಿಷ. ನೀರಲ್ಲಿ 10 ಅಡಿ ಮೀಸೆ. ಕೂಡುಬೇಟೆ: ಎದುರಾಳಿಯ 5 ಅಡಿಯೊಳಗೆ ಜತೆಗಾರನಿದ್ದರೆ ಒಂದು ಹೊಡೆತಕ್ಕೆ ಅಡ್ವಾಂಟೇಜ್, ಪ್ರೊಫಿಶಿಯನ್ಸಿಯಷ್ಟು ಸಲ. ಗುರುತುಬಂಡೆ. ಉಪ್ಪು ರೋಮ. ಕಡಿತ ಕೈಬಿಟ್ಟೆ. ಈಗ ತೀರಾ ಬಡವಾಯಿತೇ?

ಶಿರಸಿ

ಇಲ್ಲ. ನೆಲದ ಮೇಲಿನ ಕಾಳಗದಲ್ಲಿ ಹಾಫ್ಲಿಂಗ್ (ಆಟದ ಗಿಡ್ಡ ಜನ) ಪಕ್ಕ ಇಟ್ಟು ನೋಡಿದರೆ ಒಂದು ಕೂದಲು ಕಡಿಮೆ, ನೀರಲ್ಲಿ ಢಾಳಾಗಿ ಹೆಚ್ಚು. ನಿಮ್ಮ ಕಥೆಯ ಅರ್ಧ ಅಳಿವೆಯಲ್ಲೇ ಇದ್ದರೆ ಸರಿಹೋಗುತ್ತದೆ. ಕಥೆ ಘಟ್ಟದ ಮೇಲೆ ಸೋಂದೆ ಕಡೆ ತಿರುಗಿದರೆ ಮಾತ್ರ ನಡೆ 30 ಮಾಡಿ. ಸ್ಮಾಲ್ ಗಾತ್ರಕ್ಕೆ ಹೆವಿ ಆಯುಧದಲ್ಲಿ ಡಿಸ್‌ಅಡ್ವಾಂಟೇಜ್ ಇದೆ, ದೊಡ್ಡ ಕೊಡಲಿಯ ಬಾರ್ಬೇರಿಯನ್ ಮಾಡಹೊರಟವನಿಗೆ ಮೊದಲೇ ಹೇಳಿಬಿಡಿ.

ಪರೀಕ್ಷೆಗೆ ಇಡೀ ಕಥೆ ಬೇಡ. ರೋಗ್, ಮಾಂಕ್, ಡ್ರೂಯಿಡ್ ಮೂರು ಪಾತ್ರ, ಲೆವೆಲ್ 1ರಲ್ಲೊಮ್ಮೆ, 5ರಲ್ಲೊಮ್ಮೆ. ನಾಲ್ಕು ದೃಶ್ಯ: ಒಣನೆಲದ ಕಾಳಗ, ಕೆಸರು ನೀರಿನ ಕಾಳಗ, ಕತ್ತಲ ಸುರಂಗ, ಸಂತೆಯಲ್ಲಿ ಮಾತುಕತೆ. ಹಾಳೆಯಲ್ಲಿ ಗುಣದ ಹೆಸರು ಬರೆದು ಬಳಸಿದಾಗೆಲ್ಲ ಒಂದು ಗೀಟು ಎಳೆಯಿರಿ. ಎರಡೂ ಲೆವೆಲ್‌ನಲ್ಲಿ ಗೀಟೇ ಬೀಳದ ಗುಣವನ್ನು ತೆಗೆಯಿರಿ, ಪ್ರತಿ ದೃಶ್ಯದಲ್ಲೂ ಗೀಟು ಬಿದ್ದದ್ದಕ್ಕೆ ಎಣಿಕೆ ಕಟ್ಟಿ. ನೀರಿನ ಕಾಳಗದಲ್ಲಿ ಉಳಿದವರ ನಿಯಮವನ್ನೂ ಮರೆಯಬೇಡಿ: ಈಜು ವೇಗ ಇಲ್ಲದವರಿಗೆ ಬಾಕು, ಜಾವೆಲಿನ್, ಶಾರ್ಟ್‌ಸೋರ್ಡ್, ಭರ್ಚಿ, ತ್ರಿಶೂಲ ಬಿಟ್ಟು ಬೇರೆ ಕೈ ಆಯುಧಕ್ಕೆ ಡಿಸ್‌ಅಡ್ವಾಂಟೇಜ್. ಇದನ್ನು ಬಿಟ್ಟು ಪರೀಕ್ಷಿಸಿದರೆ ನೀರುನಾಯಿಯ ಲಾಭ ಅರ್ಧವೂ ಕಾಣುವುದಿಲ್ಲ.

ಕುಮಟಾ

ಒಂದು ತೂತು ಉಳಿದಿದೆ. ಉಪ್ಪು ರೋಮದ ನಿಯಮದಲ್ಲಿ "ಎಣಿಕೆಯ ಗುಣಗಳು" ಅಂದರೆ ಈ ರೇಸ್‌ನ ಗುಣ ಮಾತ್ರ ಎಂದು ಬರೆಯಿರಿ. ಈಗಿರುವ ಹಾಗೆ ಓದಿದರೆ ಡ್ರೂಯಿಡ್‌ನ ವೈಲ್ಡ್ ಶೇಪ್ (ಪ್ರಾಣಿಯ ರೂಪ ತಾಳುವ ಗುಣ) ಕೂಡ ಅದರಡಿ ಬರುತ್ತದೆ, ಪಾಪ, ಬಾವಿ ಸಿಗದ ದಿನ ಅವನು ಮನುಷ್ಯನಿಗಿಂತ ಕಡೆ.