ಹಿರಿಯರ ನೆನಪು ರೆಕಾರ್ಡ್ ಮಾಡೋದು: ಏನು ಕೇಳಬೇಕು, ಇಸವಿ ಹಿಡಿಯೋದು ಹೇಗೆ?

ವೇದಾವತಿ_ದಂಡೆ:
ಹಿರಿಯೂರು ತಾಲ್ಲೂಕಿನ ನಮ್ಮೂರಲ್ಲಿ 75 ದಾಟಿದವರ ನೆನಪು ರೆಕಾರ್ಡ್ ಮಾಡ್ತಿದ್ದೀವಿ. ಏನು ಕೇಳಿದರೂ "ಆಗಿನ ಕಾಲನೇ ಬೇರೆ ಬಿಡಪ್ಪ" ಅಂತಾರೆ. ಇಸವಿ ಅಂತೂ ಸಿಗಲ್ಲ, ಆಧಾರ್‌ನಲ್ಲಿ ಬಹಳ ಜನಕ್ಕೆ ಜನವರಿ 1. ಮೊಬೈಲ್ ಸಾಕಾ, ಮೈಕ್ ಬೇಕಾ?

ಕಲ್ಲಿನಕೋಟೆ:
"ಆಗ ಹೆಂಗಿತ್ತು" ಅಂದ್ರೆ ಬರೋದೇ ಆ ಉತ್ತರ. ಕೆಲಸ ಹಿಡಿದು ಕೇಳ್ರಿ. ಹಗೇವು, ಅಂದ್ರೆ ಕಾಳು ತುಂಬಿಡೋ ನೆಲದೊಳಗಿನ ಗುಂಡಿ, ತಗೊಳ್ಳಿ: ಎಲ್ಲಿತ್ತು, ಎಷ್ಟು ಹಿಡೀತಿತ್ತು, ಒಳಗೆ ಸುತ್ತ ಏನು ಹಾಕ್ತಿದ್ರು, ಬಾಯಿ ತೆಗೆದ ಮೇಲೆ ಎಷ್ಟು ಹೊತ್ತು ಬಿಟ್ಟು ಇಳೀತಿದ್ರು. ಕಾಳು ಉಸಿರಾಡಿ ಒಳಗೆ ಆಮ್ಲಜನಕ ಖಾಲಿಯಾಗಿರುತ್ತೆ, ಅದಕ್ಕೇ ಮೊದಲು ದೀಪ ಇಳಿಬಿಡೋದು. ಆರಿದರೆ ಯಾರೂ ಇಳಿಯಂಗಿಲ್ಲ. ಅಲ್ಲಿಂದ ಮುಂದಕ್ಕೆ ಹೋಗ್ರಿ: ಇಳೀತಿದ್ದವರು ಯಾರು, ಅವರಿಗೆ ಕೊಡ್ತಿದ್ದದ್ದೇನು, ಹಗೇವೇ ಇಲ್ಲದ ಮನೆಯವರು ಯಾರ ಹತ್ರ ಕಾಳು ಕಡ ತರ್ತಿದ್ರು, ಸುಗ್ಗೀಲಿ ಎಷ್ಟು ಸೇರಿಸಿ ವಾಪಸ್ ಅಳೀತಿದ್ರು.

ಸೇರು, ಬಳ್ಳ, ಕೊಳಗ ಅಂದದ್ದನ್ನು ನೀವೇ ಕೆಜಿ ಮಾಡಬೇಡಿ, ಊರಿಂದ ಊರಿಗೆ ಬೇರೆ. ಹಳೇ ಬಳ್ಳ ಮನೇಲಿದ್ರೆ ರಾಗಿ ತುಂಬಿ ತೂಗಿ ಬರ್ಕೊಳ್ರಿ.

ಕಟ್ಟೆ ಮೇಲೆ ಮಾತ್ರ ಬೇಡ. ಊರ ದೊಡ್ಡೋರು ಬಂದು ಕೂತ್ರೆ ಉಳಿದವರು ಹೂಂ ಅನ್ನೋದಷ್ಟೇ. ಅಜ್ಜಿಯರನ್ನು ಮಧ್ಯಾಹ್ನ ಅವರ ಮನೇಲೇ ಮಾತಾಡಿಸ್ರಿ.

ಮಾರಿಕಣಿವೆ:
ಇಸವಿ ಕೇಳಲೇಬೇಡಿ. "ಆಗ ನಿಮಗೆ ಮದುವೆ ಆಗಿತ್ತಾ? ದೊಡ್ಡ ಮಗ ಹುಟ್ಟಿದ್ನಾ?" ಅಂತ ಕೇಳಿ, ಗೊತ್ತಿರುವ ಘಟನೆಗೆ ತಗುಲಿಸಿ. 1939ರಲ್ಲಿ ತುರುವನೂರಲ್ಲಿ ಈಚಲು ಮರ ಕಡಿದ ಸತ್ಯಾಗ್ರಹ, 1956ರ ಏಕೀಕರಣ, 1957ರ ಏಪ್ರಿಲ್‌ನಲ್ಲಿ ಬಂದ ಹೊಸ ಪೈಸೆ. ಕೂಲಿ "ಎಂಟಾಣೆ" ಅಂದ್ರೆ ನೆಚ್ಚಬೇಡಿ, ಆ ಮಾತು 50 ಪೈಸೆಗೂ ಉಳೀತು. "ಒಂದೂವರೆ ಆಣೆ" ಅಂದ್ರೆ ಹೆಚ್ಚುಕಮ್ಮಿ ಹಳೇ ನಾಣ್ಯದ ಕಾಲ. ಸಂವತ್ಸರದ ಹೆಸರು ಸಿಕ್ಕಿದರೆ ಇನ್ನೂ ಒಳ್ಳೇದು: ಸರ್ವಜಿತು 1947-48, ದುರ್ಮುಖಿ 1956-57.

ನಿಮ್ಮ ಕಡೆ ಒಂದು ಎಚ್ಚರ. ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ಕ್ಕೆ. ಎಂಬತ್ತರ ಅಜ್ಜ "ಸಣ್ಣೋನಿದ್ದಾಗ ಕೋಡಿ ನೋಡಿದ್ದೆ" ಅಂದ್ರೆ ಅದು ಅವರಪ್ಪ ಹೇಳಿದ್ದಿರಬೇಕು. ಎದುರಿಗೆ ತಿದ್ದಬೇಡಿ, ಟಿಪ್ಪಣೀಲಿ ಬರೀರಿ.

ಹಳೇ_ಟೇಪು:
ಮೊಬೈಲ್ ಸಾಕು, ಜೊತೆಗೆ ಕಾಲರ್ ಮೈಕ್ ಇರಲಿ. ಬಾಯಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದಂಗೆ ಸಿಕ್ಕಿಸಿ. ಏರೋಪ್ಲೇನ್ ಮೋಡ್ ಹಾಕಿ, ಫ್ಯಾನ್ ಆರಿಸಿ. ತಗಡಿನ ಮನೇಲಿ ಮಾತು ಗುಂಯ್ ಅನ್ನುತ್ತೆ, ಕೌದಿ ಹಾಸಿ ಕೂರಿಸಿ. ವೇವ್ ಫೈಲ್, 48 ಕಿಲೋಹರ್ಟ್ಸ್, 16 ಬಿಟ್, ಮೋನೊ: ಗಂಟೆಗೆ ಸುಮಾರು 345 ಎಂಬಿ. ವಾಟ್ಸ್ಯಾಪ್ ವಾಯ್ಸ್ ಮೆಸೇಜಾಗಿ ರೆಕಾರ್ಡ್ ಮಾಡಬೇಡಿ, ಕುಗ್ಗಿಸಿಬಿಡುತ್ತೆ. ಮುಕ್ಕಾಲು ಗಂಟೆಗೆ ನಿಲ್ಲಿಸಿ, ಅವರಿಗೂ ದಣಿವಾಗುತ್ತೆ. ಅದೇ ದಿನ ಎರಡು ಕಡೆ ಕಾಪಿ ಮಾಡಿ, ಒಂದು ಬೇರೆ ಮನೇಲಿರಲಿ.

ವೇದಾವತಿ_ದಂಡೆ:
ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಕೇಳಿದ್ರೆ ಹೊಲದ ಕಾಗದ ಅಂತ ಹೆದರ್ತಾರೆ.

ಕಲ್ಲಿನಕೋಟೆ:
ಹೆದರದೆ ಏನ್ ಮಾಡ್ತಾರೆ! ಬಾಯಿಮಾತಲ್ಲೇ ತಗೊಳ್ರಿ, ರೆಕಾರ್ಡಿನ ಶುರುವಲ್ಲೇ: ಮನೆಯವರಷ್ಟೇ ಕೇಳಬಹುದಾ, ಊರವರಾ, ಎಲ್ಲರೂನಾ? ಮುಗಿದ ಮೇಲೆ ಇನ್ನೊಂದ್ಸಲ ಕೇಳ್ರಿ, ಏನೇನು ಹೇಳಿದ್ದೀವಿ ಅಂತ ಅವರಿಗೆ ಗೊತ್ತಾಗೋದು ಆಗಲೇ. ಬದುವಿನ ತಕರಾರು, ಸಾಲ, ಇನ್ನೊಬ್ಬರ ಮನೆ ಜಗಳ ಬಂದಿದ್ರೆ ಹಂಚೋ ಕಾಪಿಯಿಂದ ತೆಗೀರಿ. ಮೂಲ ಫೈಲ್ ಮುಟ್ಟಬೇಡಿ.